ಗಾಜು ಹಿಡಿದ ಕೈ

ಗಾಜಿನಲ್ಲಿ ಆಕಾಶ ಅಲ್ಲಾಡುತ್ತಿದೆ, ಅಲ್ಲಾಡುತ್ತಿರುವುದು ಆಕಾಶವಲ್ಲ, ತನ್ನ ಕೈ, ಮೂವತ್ತು ವರ್ಷ ಕಿಟಕಿಗಳಿಗೆ ಗಾಜು ಕೂರಿಸಿದ ಕೈ ಹೀಗೆ ನಡುಗುವುದೇ, ನಾಚಿಕೆಗೇಡು ಎಂದುಕೊಂಡ ಗಾಜಿನಂಗಡಿಯವನು, ಇನ್ನು ಇಪ್ಪತ್ತೇ ಹೆಜ್ಜೆ, ಅಗೋ ಟೀಚರಮ್ಮನ ಕಿಟಕಿ, ಆರು ವರ್ಷದಿಂದ ಪ್ಲಾಸ್ಟಿಕ್ ಹೊದ್ದು ಕೂತಿದೆ, ಬೀದಿಯ ಆ ಬದಿ ಅವರ ದೇವರದು, ಈ ಬದಿ ನಮ್ಮ ದೇವರದು, ನಡುವಿನ ಡಾಂಬರು ಯಾವ ದೇವರಿಗೂ ಬೇಡ, ಹುಲ್ಲು ಬೆಳೆದಿದೆ — ನಿನ್ನೆ ರೇಡಿಯೋದಲ್ಲಿ ಹೇಳಿದರಲ್ಲ, ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು, ಎರಡೂ ಕಡೆಯ ಧರ್ಮಗುರುಗಳು ಕೈ ಕುಲುಕಿದರು, ಬಂದೂಕು ಕೊಡುತ್ತಿದ್ದ ಅಕ್ಕಪಕ್ಕದ ದೇಶಗಳೂ ತಲೆಯಾಡಿಸಿದವು, ಈ ಸಲ ಶಾಶ್ವತವಂತೆ, ಹೋದ ಸಲವೂ ಶಾಶ್ವತವೇ ಆಗಿತ್ತು, ಹನ್ನೊಂದು ದಿನ ಬಾಳಿತು. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು, ಊರಲ್ಲಿ ಯಾರಿಗೂ ಇಲ್ಲದ ಅರ್ಜೆಂಟು ನಿಮಗ್ಯಾಕೆ, ಬೇರೆಯವರು ಮೊದ್ಲು ದಾಟ್ಲಿ. ಎಲ್ಲರೂ ಹಾಗೇ ಅಂದ್ರೆ ದಾಟೋರ್ಯಾರು ಕಣೇ ಅಂದ, ದೊಡ್ಡ ಧೀರನ ಹಾಗೆ, ಈಗ ನೋಡು, ಹೆಜ್ಜೆ ಎಣಿಸುತ್ತಿದ್ದಾನೆ. ಟೀಚರಮ್ಮ ಹೇಳಿ ಕಳಿಸಿದ್ದರು, ಸಾಕಪ್ಪ ಈ ಪ್ಲಾಸ್ಟಿಕ್ಕು, ಗಾಜೇ ಹಾಕ್ಕೊಡು, ಸಾಯೋದ್ರೊಳಗೆ ಒಂದ್ಸಲ ಬೀದಿ ನೆಟ್ಟಗೆ ಕಾಣ್ಲಿ. ಮಗ್ಗಿ ಕಲಿಸಿದ ಬಾಯಿ, ತನಗೂ ತಮ್ಮನಿಗೂ, ಆಗ ಒಂದೇ ಶಾಲೆ, ಯಾವ ದೇವರ ಮಕ್ಕಳಿಗೂ ಏಳೆಂಟ್ಲೆ ಐವತ್ತಾರೇ. ಒಂದು ಕಿಟಕಿಗೆ ಗಾಜು ಬಿದ್ದರೆ ಪಕ್ಕದ ಮನೆಯವರಿಗೆ ಧೈರ್ಯ, ಗಾಜು ಹಾಕಿಸಿಕೊಂಡವನು ಕಲ್ಲೆಸೆಯುವ ಮುಂಚೆ ಎರಡು ಸಲ ಯೋಚಿಸುತ್ತಾನೆ ಅಂದದ್ದಕ್ಕೆ, ನಿನಗೇನಪ್ಪ, ಯುದ್ಧ ಬಂದ್ರೂ ವ್ಯಾಪಾರ, ಶಾಂತಿ ಬಂದ್ರೂ ವ್ಯಾಪಾರ ಅಂತ ಬಡಗಿ ನಕ್ಕಿದ್ದ. ಈ ಅಳತೆಗೆ ಅಂಗಡಿಯಲ್ಲಿದ್ದದ್ದು ಇದೊಂದೇ, ಆರು ವರ್ಷ ಹಳೇ ಪೇಪರಿನಲ್ಲಿ ಸುತ್ತಿ ಗೋಡೆಗೆ ಒರಗಿಸಿಟ್ಟದ್ದು, ಇದೇ ಕಿಟಕಿಗೆಂದು ಕೊಯ್ದದ್ದು, ಅವತ್ತು ತಮ್ಮ ಹಿಡಿದುಕೊಂಡು ಹೊರಟದ್ದು. ಅಂಚಿನಲ್ಲಿ ಅವನ ಹೆಬ್ಬೆರಳಿನ ಗುರುತು, ಎಡಕ್ಕೊಂದು, ಬಲಕ್ಕೊಂದು, ಗಾಜು ಅಂಟಿಸುವ ಪುಟ್ಟಿ ಮೆತ್ತಿದ ಕೈಯಲ್ಲೇ ಹಿಡಿದಿದ್ದ ಪೆದ್ದ, ಒಣಗಿ ಕಲ್ಲಾಗಿದೆ, ಬ್ಲೇಡಿನಲ್ಲಿ ಕೆರೆದುಬಿಡಿ ಅಂದಳು ಹೆಂಡತಿ, ಕೆರೆಯುತ್ತೇನೆ, ಕೂರಿಸಿದ ಮೇಲೆ ಕೆರೆಯುತ್ತೇನೆ.

ಏಯ್, ನಿಲ್ಲಲ್ಲೇ, ಕೈ ಮೇಲೆತ್ತು. ಮರಳು ಮೂಟೆಗಳ ಹಿಂದಿನಿಂದ ದನಿ, ಒಡೆದ ದನಿ, ಅವನಿಗೂ ಹೆದರಿಕೆ, ಹೆದರಿದವನ ಬೆರಳು ಬೇಗ ಒತ್ತುತ್ತದೆ, ಕಾಲುಗಳು ತಾವಾಗಿಯೇ ನಿಂತವು, ಕೈ ಎತ್ತುವುದು ಹೇಗೆ, ಎರಡು ಕೈಯಲ್ಲೂ ಗಾಜು — ಇದೇ ಜಾಗ, ಇದೇ ಮಾತು, ತಮ್ಮ ಬಂದೂಕಿನವನಿಗೆ ಏನಂದಿದ್ದ, ಇರಣ್ಣಾ, ಗಾಜು ಇಟ್ಟು ಎತ್ತುತೀನಿ, ಅಂದು ಮೆಲ್ಲಗೆ ಬಗ್ಗಿದ, ಕಲಿಸಿಕೊಟ್ಟ ಹಾಗೇ, ಮೊದಲು ಮಂಡಿ, ಆಮೇಲೆ ಕೆಳಗಿನ ಅಂಚು, ಆಮೇಲೆ ಕೈ, ಬಗ್ಗಿದವನು ನೆಲದಿಂದ ಏನೋ ಎತ್ತಿಕೊಳ್ಳುತ್ತಾನೆ ಅಂದುಕೊಂಡರಂತೆ ಅವರು, ಒಂದೇ ಗುಂಡು, ಗಾಜು ಮಾತ್ರ ಅವನ ಮೈಗೆ ಒರಗಿ ನಿಂತಿತ್ತು, ಕೂದಲೆಳೆಯಷ್ಟೂ ಸೀಳಿರಲಿಲ್ಲ, ಟೀಚರಮ್ಮ ಬಿಳಿ ಬಟ್ಟೆ ಬೀಸಿ ಇಬ್ಬರ ಕೈಲಿ ಹೊರಿಸಿ ಕಳಿಸಿದರು, ಮೊದಲು ಅವನನ್ನು, ಆಮೇಲೆ ಗಾಜನ್ನು. ಕಲಿಸಿದವನು ಯಾರು, ತಾನೇ, ಜೀವ ಹೋದ್ರೂ ಗಾಜು ಬೀಳಬಾರ್ದು ಕಣೋ, ಅಂತ ತಲೆಗೆ ಮೊಟಕಿ ಮೊಟಕಿ ಕಲಿಸಿದ, ಯಾವತ್ತೂ ಅಣ್ಣನ ಮಾತು ಕೇಳದವನು ಅದೊಂದನ್ನು ಕೇಳಿಬಿಟ್ಟ.

ಬಗ್ಗಿದರೆ ಹೊಡೆಯುತ್ತಾರೆ, ಸುಮ್ಮನೆ ನಿಂತರೂ ಹೊಡೆಯುತ್ತಾರೆ, ಕೈಬಿಟ್ಟರೆ — ಒಡೆದ ಸದ್ದಿಗೆ ನಮ್ಮ ಕಡೆಯವರು ಬೆಚ್ಚಿ ಶುರುಮಾಡಿದರೆ, ಅವರೂ ಶುರುಮಾಡಿದರೆ, ಹನ್ನೊಂದು ದಿನವೂ ಇಲ್ಲ, ಒಂದೇ ದಿನ, ದೇವರೇ, ಯಾವ ದೇವರೇ, ನಡುಬೀದಿಯಲ್ಲಿ ನಿಂತವನು ಯಾರನ್ನು ಕೂಗಬೇಕು. ಕೈ ಎತ್ತೋ ಅಂದ್ರೆ! ಪ್ಲಾಸ್ಟಿಕ್ ಸರಿಯಿತು, ಟೀಚರಮ್ಮ, ತಲೆ ಪೂರ್ತಿ ಬೆಳ್ಳಗಾಗಿದೆ, ಅವತ್ತೂ ಅಲ್ಲೇ ನಿಂತು ನೋಡಿದವರು, ಹೊಡೀಬೇಡ್ರೋ, ಗಾಜಿನವನು ಅವನು, ನಾನೇ ಕರೆಸಿದ್ದು, ಆಮೇಲೆ ಇತ್ತ ತಿರುಗಿ, ಬಗ್ಗಬೇಡ ಕಣೋ, ಬಿಟ್ಬಿಡು, ಹಾಳಾಗಿ ಹೋಗ್ಲಿ ಗಾಜು, ಬಿಡೋ. ಹೌದು, ಬಿಡಬೇಕು, ಬಿಟ್ಟರೆ ಕೈ ಖಾಲಿ, ಖಾಲಿ ಕೈ ಎತ್ತಿದರೆ ಬದುಕು, ಹೆಂಡತಿ ಇನ್ನೂ ಬಾಗಿಲಲ್ಲೇ ನಿಂತಿರುತ್ತಾಳೆ, ಬಿಡು ಎಂದು ತನ್ನ ಕೈಗೇ ಹೇಳುತ್ತಾನೆ, ಗಾಜಿನ ಅತ್ತ ಬದಿಯ ಎಂಟು ಬೆರಳೂ ಒಪ್ಪಿಕೊಂಡವು, ಬಿಡು, ಕೈ ಎತ್ತು, ಮೂಟೆ ಹಿಂದಿನವನು ಕೂಗಿದ್ದು ಇದು ಮೂರನೇ ಸಲ, ಹೆಬ್ಬೆರಳೆರಡು ಮಾತ್ರ ಕೇಳುತ್ತಿಲ್ಲ, ಯಾವಾಗ ಹೋಗಿ ಆ ಪುಟ್ಟಿ ಗುರುತಿನ ಮೇಲೆ ಕೂತವೋ, ಎಡಕ್ಕೊಂದು, ಬಲಕ್ಕೊಂದು, ಸರಿಯಾದ ಅಳತೆಗೆ, ಬಿಡು, ತಮ್ಮನ ಹೆಬ್ಬೆರಳು, ಅದರ ಮೇಲೆ ತನ್ನ ಹೆಬ್ಬೆರಳು, ಬಿಡು, ತಮ್ಮನ ಹೆಬ್ಬೆರಳು