ಕೆರೆಯಂಗಳದ ಹೊಂಡ

೧೯೯೮ರ ಮೇ ತಿಂಗಳಲ್ಲಿ ಜಯಮಾಲಾ ಕೆ.ಆರ್. ಪುರದಾಚೆಯ ಬತ್ತಿದ ಕೆರೆಯೊಂದರ ಅಂಗಳದಲ್ಲಿ ಹೊಂಡ ತೋಡಿಸುತ್ತಿದ್ದಳು. ಸಾವಿರಾರು ವರ್ಷಗಳ ಹಿಂದೆ ಇಲ್ಲಿ ಮುಂಗಾರು ಹೇಗಿತ್ತು ಎಂಬುದು ಅವಳ ಸಂಶೋಧನೆ. ಸೂರ್ಯನ ಸುತ್ತ ಭೂಮಿ ಸಾಗುವ ದಾರಿ, ಅದರ ವಾಲುವಿಕೆ ನಿಧಾನವಾಗಿ ಬದಲಾದಂತೆ ಮಳೆಯೂ ಬದಲಾಗುತ್ತದೆ. ಮಳೆ ಕೊಚ್ಚಿ ತಂದ ಕಬ್ಬಿಣದ ಕಣಗಳು ಆ ಕಾಲದ ಭೂಕಾಂತದ ದಿಕ್ಕಿಗೇ ತಿರುಗಿ ಕೆಸರಿನಲ್ಲಿ ನೆಲೆಸುತ್ತವೆ. ಆ ದಿಕ್ಕಿನಿಂದ ಮಣ್ಣಿನ ವಯಸ್ಸು, ಕಣಗಳ ಪ್ರಮಾಣದಿಂದ ಮಳೆಯ ಬಲ ತಿಳಿಯುತ್ತದೆ. ಕೆರೆ ಕಟ್ಟುವುದಕ್ಕಿಂತ ಎಷ್ಟೋ ಮೊದಲಿನ ಅಂಥ ಜೇಡಿಮಣ್ಣು ಅವಳಿಗೆ ಬೇಕಿತ್ತು.

ಅಗೆಯುತ್ತಿದ್ದವನು ರಾಯಚೂರು ಕಡೆಯ ಅಮರಪ್ಪ. ಹೆಂಡತಿ ಜಟ್ಟೆಮ್ಮನೊಂದಿಗೆ ಹಲಸೂರಿನ ಬಾಡಿಗೆ ಕೋಣೆಯಲ್ಲಿದ್ದ. ಮಣ್ಣಿನ ಡಬ್ಬಿಗಳ ಮೇಲೆ ಉತ್ತರದ ಗುರುತು ಹಾಕುವುದನ್ನೂ ಕಲಿತಿದ್ದ.

ಹಿಂದಿನ ಸಂಜೆ ಜೋರು ಮಳೆಯಾಗಿತ್ತು. ಹನ್ನೆರಡು ಅಡಿ ಕೆಳಗಿನಿಂದ ಅಮರಪ್ಪ ಹೇಳಿದ: “ಗೋಡಿ ನೀರ ಬಿಡಾಕತ್ತೈತಿ ಅಕ್ಕಾರ. ನಾಳೆ ತೋಡೋಣ್ರಿ.”

ಮರುದಿನದಿಂದ ಮನೆಗಳ ಲೇಔಟಿಗಾಗಿ ಲಾರಿಗಳು ಕೆರೆಗೆ ಮಣ್ಣು ಸುರಿಯಲಿದ್ದವು. “ಇನ್ನೊಂದು ಅಡಿ ಅಷ್ಟೇ ಅಮರಪ್ಪ. ಆಮೇಲೆ ಹತ್ತಿ ಬಂದ್ಬಿಡಿ,” ಎಂದಳು.

ಸ್ವಲ್ಪ ಹೊತ್ತಿನಲ್ಲೇ ಗೋಡೆ ಕುಸಿಯಿತು. ಅವಳು ಬರಿಗೈಯಲ್ಲೇ ಮಣ್ಣು ಬಗೆದಳು, ಉಗುರು ಕಿತ್ತುಹೋಯಿತು. ರಸ್ತೆಯಲ್ಲಿದ್ದವರು ಓಡಿ ಬಂದು ಹೊರತೆಗೆದಾಗ ಅವನಲ್ಲಿ ಉಸಿರಿರಲಿಲ್ಲ.

ಬೇಡವೆಂದರೂ ಕೇಳದೆ ಅವನೇ ಇಳಿದ ಎಂದು ಅವಳು ಕೆಲಸಕ್ಕಿದ್ದ ಸಂಶೋಧನಾ ಸಂಸ್ಥೆಯ ಹಿರಿಯರು ಪೊಲೀಸರಿಗೆ ಕೊಡಲು ಹೇಳಿಕೆ ಸಿದ್ಧಪಡಿಸಿದರು. ಜಯಮಾಲಾ ಎರಡು ಸಲ ಓದಿ ಸಹಿ ಹಾಕಿದಳು.

ಹನ್ನೊಂದು ದಿನ ಕಳೆದ ಮೇಲೆ ಅವಳು ಹಲಸೂರಿಗೆ ಹೋಗಿ ಜಟ್ಟೆಮ್ಮನ ಎದುರು ಕುಳಿತು ನಡೆದದ್ದೆಲ್ಲ ಹೇಳಿದಳು. ಅಷ್ಟು ಆಳದಲ್ಲಿ ಏನು ಹುಡುಕುತ್ತಿದ್ದಿರಿ ಎಂದು ಜಟ್ಟೆಮ್ಮ ಕೇಳಿದಳು. ಹಳೆಯ ಕಾಲದ ಮಳೆಯ ಗುರುತು ಎಂದು ಜಯಮಾಲಾ ಹೇಳಿದಳು.

“ಅಂವ ಬ್ಯಾಡಂದಿದ್ನಾ?”

“ಅಂದಿದ್ರು.”

“ಅದನ್ನ ಠಾಣೇದಾಗ ಹೇಳ್ರಿ. ತನ್ನ ಹುಂಬತನಕ್ಕ ಸತ್ತ ಅಂತ ಊರ ಮಂದಿ ಆಡ್ಕೊಳ್ಳಾಕತ್ತಾರ.”

ಇಬ್ಬರೂ ಬಸ್ಸು ಹತ್ತಿ ಠಾಣೆಗೆ ಹೋದರು. ಜಯಮಾಲಾ ಹೊಸ ಹೇಳಿಕೆ ಬರೆದುಕೊಟ್ಟಳು. ಸಂಸ್ಥೆ ಅವಳನ್ನು ಹೊರಗೆ ಹಾಕಿತು. ಅವಳು ತೆಗೆದಿಟ್ಟಿದ್ದ ಮಣ್ಣನ್ನು ಬೇರೆಯವರು ಪರೀಕ್ಷಿಸಿ, ಒಂದು ಕಾಲದಲ್ಲಿ ಇಲ್ಲಿ ಮುಂಗಾರು ಈಗಿನದಕ್ಕಿಂತ ಬಲವಾಗಿತ್ತು ಎಂದು ಪ್ರಕಟಿಸಿದರು. ಅದರಲ್ಲಿ ಅಮರಪ್ಪನ ಹೆಸರಿರಲಿಲ್ಲ.

ಮೊಕದ್ದಮೆ ಐದು ವರ್ಷ ಎಳೆಯಿತು. ನಿರ್ಲಕ್ಷ್ಯದಿಂದಾದ ಸಾವು ಎಂದು ತೀರ್ಪಾಗಿ ತನಗೆ ಆರು ತಿಂಗಳ ಸಜೆ ಬಿದ್ದಾಗ ಜಯಮಾಲಾ ಮೇಲ್ಮನವಿ ಬೇಡವೆಂದಳು. ತೀರ್ಪು ಕೇಳಲು ಕೋರ್ಟಿಗೆ ಬಂದಿದ್ದ ಜಟ್ಟೆಮ್ಮ ಅವಳ ಕಡೆ ನೋಡದೆ, ಸೆರಗು ಹೊದ್ದು ಹೊರಗೆ ನಡೆದಳು.