ಕಾಲು ಮುಟ್ಟಿಸುವವಳು

ತೀರಿಹೋದ ತಮ್ಮ ಸಂಘರತ್ನನ ಮೈಮೇಲೆ ಕಡೆಯ ನೀರು ಹಾಕುತ್ತಿದ್ದ ದ್ರೌಪತಿಯ ಕೈ ಕುತ್ತಿಗೆಯ ಹತ್ತಿರ ಬಂದು ನಿಂತುಬಿಟ್ಟಿತು.

"ಹಾಕ್ರಿ ಅಕ್ಕಾ, ಹೊತ್ತಾಗಾಕತ್ತದ," ಎಂದ ಮಚ್ಚೇಂದ್ರ. ಅವನ ಜೊತೆ ಬಸವಕಲ್ಯಾಣದ ಮಾರ್ಕೆಟ್ಟಿನಲ್ಲಿ ಹದಿನೆಂಟು ವರ್ಷ ಹಮಾಲಿ ಮಾಡಿದವನು. "ತೊಗರಿ ಚೀಲ ಹೂವಿನಂಗ ಎತ್ತತಿದ್ದ. ಅಂಥಾವನ ಕುತ್ತಿಗಿ ನರ ಹರೀತಂದ್ರ ಯಾರ ನಂಬಬೇಕ್ರಿ?"

ದ್ರೌಪತಿ ನಂಬಿದ್ದಳು. ಅದೇ ಅವಳ ಸಂಕಟ.

*

ಅವಳು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಕಾಲು ಮುಟ್ಟಿಸಿದರೆ ಉಳುಕು ಹೋಗುತ್ತದೆಂದು ಹುಮನಾಬಾದಿನ ಅವಳ ಮನೆಗೆ ಜನ ಹುಡುಕಿಕೊಂಡು ಬರುತ್ತಿದ್ದರು. ಡಾಕ್ಟರಿಗಿಂತ ನನ್ನ ಹಿಮ್ಮಡಿ ಜಾಣ ಎಂದು ಅವಳಿಗೂ ಜಂಬವಿತ್ತು.

ಮುಟ್ಟಿಸುವುದಷ್ಟೇ ಪದ್ಧತಿ. ಆದರೆ ಸಂಘರತ್ನ "ಅಕ್ಕಾ, ಕುತ್ತಿಗಿ ಹಿಡದದ" ಎಂದು ಬಂದ ಬೆಳಿಗ್ಗೆ, ತಮ್ಮನೆಂಬ ಸಲಿಗೆಯಲ್ಲಿ, ಹಿಮ್ಮಡಿಯಿಂದ ಒತ್ತಿ, ಎರಡೂ ಕೈಯಲ್ಲಿ ತಲೆ ಹಿಡಿದು ಲಟಕ್ಕನೆ ತಿರುಗಿಸಿದಳು. ಜೊತೆಗೆ ಬಂದಿದ್ದ ಅವನ ಹೆಂಡತಿ ವಿಶಾಖಾ ಒಳಗೆ ಚಹಾ ಕಾಸುತ್ತಿದ್ದಳು. ಅವಳು ತಂದುಕೊಟ್ಟ ಲೋಟ ಅವನ ಬಲಗೈಯಿಂದ ಜಾರಿತು. ಮಾತು ತೊದಲಿತು.

"ದವಾಖಾನಿಗೆ ಹೋಗೂಣ್ರಿ ಅಕ್ಕಾ," ಎಂದಳು ವಿಶಾಖಾ.

"ಉಳುಕು ಇಳ್ಯಾಕತ್ತದ. ಮಲಗಲಿ."

ಸಂಜೆಯವರೆಗೆ ಮಲಗಿಸಿದಳು. ದೊಡ್ಡ ದವಾಖಾನೆಯಲ್ಲಿ ವಿಶಾಖಾ ಔಷಧಿ ತರಲು ಹೋದಾಗ ಡಾಕ್ಟರು ಹೇಳಿದರು: "ಕುತ್ತಿಗಿ ರಕ್ತನಾಳ ಹರದದ. ಅಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗ್ಯದ. ನಾಕೂವರಿ ತಾಸಿನ್ಯಾಗ ಬಂದಿದ್ರ ಕರಗಿಸೋ ಇಂಜೆಕ್ಷನ್ ಕೊಡಬಹುದಿತ್ತು. ಯಾರಾದ್ರೂ ಕುತ್ತಿಗಿ ತಿರುವಿದ್ರೇನು?"

"ಇಲ್ರಿ," ಎಂದಳು ದ್ರೌಪತಿ.

ಮೂರನೆಯ ದಿನ ಅವನು ಹೋದ.

*

ಬುದ್ಧನಿಗೆ ಶರಣೆನ್ನುವ ತ್ರಿಸರಣ ಹೇಳಿ, ಮಣ್ಣು ಮಾಡಿ ಗಂಡಸರು ಮರಳಿದ್ದರು. ಮೂಲೆಯಲ್ಲಿ ಕೂತ ದ್ರೌಪತಿಯ ಬಳಿ ವಿಶಾಖಾ ಬಂದಳು. ತಲೆ ಒಂದು ಕಡೆ ವಾಲಿತ್ತು.

"ಮೂರು ದಿನ ದವಾಖಾನಿ ಬೆಂಚಿನ ಮ್ಯಾಲ ಕುಂತು ಕುತ್ತಿಗಿ ಹಿಡದದ ಅಕ್ಕಾ. ಜರಾ ಕಾಲು ಮುಟ್ಟಿಸ್ರಿ."

ಬೋರಲಾಗಿ ಮಲಗಿ ಕೂದಲು ಸರಿಸಿದಳು. ಬೆಳಿಗ್ಗೆಯವರೆಗೆ ಕರಿಮಣಿಯಿದ್ದ ಜಾಗ ಬಿಳಚಿಕೊಂಡಿತ್ತು. ಸುಮ್ಮನೆ ಮುಟ್ಟಿಸಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ದ್ರೌಪತಿಗೆ ಕಾಲು ಎತ್ತಲಾಗಲಿಲ್ಲ.

"ವಿಶಾಖಾ, ಡಾಕ್ಟರ್ ಕೇಳಿದ್ರು, ಸುಳ್ಳು ಹೇಳ್ದೆ. ಅವನ ಕುತ್ತಿಗಿ ನಾನೇ ತಿರುವೀನವ್ವಾ."

ವಿಶಾಖಾ ಏಳಲಿಲ್ಲ. ಅವಳ ಕೈ ಮೆಲ್ಲಗೆ ಹಿಂದೆ ಬಂದು ತನ್ನ ಕುತ್ತಿಗೆಯನ್ನು ಮುಚ್ಚಿಕೊಂಡಿತು.