ಟೆಂಪೋದ ಹಿಂದೆ ನಿಂತ ಮಾವ

ನನ್ನ ಗಂಡ ಶಿವಪ್ರಕಾಶ ವ್ಯಾಪಾರದಲ್ಲಿ ಹುಲಿ, ಸ್ಟಿಯರಿಂಗ್ ಮುಂದೆ ಇಲಿ. ಒಮ್ಮೆ ನಮ್ಮ ಟೆಂಪೋವನ್ನು ಮಾರ್ಕೆಟ್ ಯಾರ್ಡಿನ ಈರುಳ್ಳಿ ಮೂಟೆಗಳೊಳಗೆ ನುಗ್ಗಿಸಿದ ಮೇಲೆ ಗಾಡಿಯ ಹೆಸರೆತ್ತಿದರೂ ಬೆವರುತ್ತಿದ್ದರು. ಹೀಗಾಗಿ ತೊಂಬತ್ತೆಂಟನೇ ಇಸವಿಯಲ್ಲಿ ಮಾವ ಶಿವಪ್ಪನವರ ಕಣ್ಣು ಮಂಜಾಗಿ, ಡಾಕ್ಟರು ಇನ್ನು ಗಾಡಿ ಓಡಿಸಬೇಡಿ ಅಂದಾಗ, ಪುಣೆಯ ಭವಾನಿ ಪೇಟೆಯ ನಮ್ಮ ಜೋಳದ ಹಿಟ್ಟಿನ ಅಂಗಡಿಗೆ ಡ್ರೈವರ್ ಇಲ್ಲದಂತಾಯಿತು. ಸಂಬಳಕ್ಕಿಟ್ಟವನು ಹಬ್ಬಕ್ಕೆಂದು ಊರಿಗೆ ಹೋದವನು ತಿರುಗಿ ಬರಲಿಲ್ಲ. ಗಾಡಿ ಮಾರಿಬಿಡುವುದೆಂದಾಯಿತು. ಬಾರಾಮತಿಯ ಗಿರಾಕಿಯೊಬ್ಬ ಬಂದು, ಟೈರು ಒದ್ದು ನೋಡಿ, ತಿಂಗಳೊಪ್ಪತ್ತಿನಲ್ಲಿ ಗಾಡಿ ಒಯ್ಯುತ್ತೇನೆಂದ. ಆ ದಿನ ಮಾವ ಊಟಕ್ಕೇಳಲಿಲ್ಲ.

"ನಾ ಕಲೀತೀನ್ರಿ," ಎಂದೆ. ಮಾವನ ಮೇಲಿನ ಮರುಕದಿಂದಷ್ಟೇ ಅಂದದ್ದಲ್ಲ. ಹಿಟ್ಟಿನ ಜರಡಿ ಹಿಡಿದು ಹಿಡಿದು ನನಗೂ ಸಾಕಾಗಿತ್ತು. ಊರು ನೋಡುವ ಆಸೆಯಿತ್ತು, ಸುಳ್ಳೇಕೆ ಹೇಳಲಿ.

ಅತ್ತೆ ಚನ್ನಬಸವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ಕಲೀಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮಾವನ ಬಾಜೂಕ ಸೊಸಿ ಕುಂಡ್ರೂದು ನಮ್ಮನ್ಯಾಗ ಇಲ್ಲ ನೋಡು."

ನಮ್ಮ ಮನೆಯಲ್ಲಿ ಸೊಸೆ ಮಾವನ ಸರಿಸಮ ಕೂರುವಂತಿಲ್ಲ, ತಲೆಯ ಮೇಲಿನ ಸೆರಗು ಜಾರುವಂತಿಲ್ಲ. ಮಾವನನ್ನು ಬಿಟ್ಟು ಕಲಿಸುವವರೂ ಬೇರೆ ಇಲ್ಲ. ಕೊನೆಗೆ ಹಾವೂ ಸಾಯದಂತೆ ಕೋಲೂ ಮುರಿಯದಂತೆ ಮಾವನೇ ಒಂದು ಉಪಾಯ ಹುಡುಕಿದರು. ತಾವು ಹಿಂದೆ ಮೂಟೆ ಹೇರುವ ಜಾಗದಲ್ಲಿ ನಿಂತು ಕ್ಯಾಬಿನ್ನಿನ ತಗಡು ಬಡಿಯುವುದು. ಒಂದು ಬಡಿತಕ್ಕೆ ಮೇಲಿನ ಗೇರ್, ಎರಡಕ್ಕೆ ಕೆಳಗಿನದು, ಬಿಡದೆ ಬಡಿದರೆ ಬ್ರೇಕ್.

ಹಡಪಸರದ ಆಚೆ ಕಬ್ಬಿನ ಹೊಲಗಳ ನಡುವಿನ ರಸ್ತೆಯಲ್ಲಿ ಬೆಳಗಾಗುತ್ತಲೇ ನಮ್ಮ ಪಾಠ. ಮೊದಮೊದಲು ಗಾಡಿ ಕಪ್ಪೆಯಂತೆ ಕುಪ್ಪಳಿಸಿ ನಿಲ್ಲುತ್ತಿತ್ತು, ಹಿಂದೆ ಮಾವ ಧೊಪ್ಪನೆ ಬೀಳುತ್ತಿದ್ದರು. "ಸಾವಕಾಶ ಬಿಡವಾ ಕ್ಲಚ್! ಹಸುಗೂಸನ್ನ ತೊಟ್ಟಿಲದಾಗ ಇಟ್ಟಂಗ ಬಿಡು!" ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಕಬ್ಬು ಕಡಿಯುವವರು ಕೆಲಸ ಬಿಟ್ಟು ನಗುತ್ತಿದ್ದರು. ಮಾವನಿಗೆ ರಸ್ತೆ ಮಸುಕಾಗಿ ಕಂಡರೂ ಎಂಜಿನ್ನಿನ ದನಿ ಚೆನ್ನಾಗಿ ಕೇಳುತ್ತಿತ್ತು. ಕಾಲುವೆಯ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವಾಗ ಅವರ ಬಡಿತ ಬಿದ್ದ ಮೇಲೆಯೇ ನಾನು ಹ್ಯಾಂಡ್‌ಬ್ರೇಕ್ ಬಿಡುತ್ತಿದ್ದೆ. ಬರಬರುತ್ತಾ ಕೈಕಾಲು ಪಳಗಿದವು. ನನಗೆ ಬಂದೇಬಿಟ್ಟಿತು ಎಂದು ಬೀಗಿದೆ.

ಪರೀಕ್ಷೆಯ ದಿನ ಆಳಂದಿ ರಸ್ತೆಯ ಮೈದಾನದಲ್ಲಿ ಇನ್ಸ್‌ಪೆಕ್ಟರ್ ನನ್ನ ಪಕ್ಕದಲ್ಲಿ ಹತ್ತಿ ಕೂತ. ಮನೆಯ ಹಿರಿಯ ಕೂರಬಾರದ ಸೀಟಿನಲ್ಲಿ ಪರಗಂಡಸು! ನಗು ಬಂತು. ಆದರೆ ಅವನು ಹಿಂದೆ ನಿಂತಿದ್ದ ಮಾವನನ್ನು ಕೆಳಗಿಳಿಸಿ ದೂರದ ಬೇವಿನ ಮರದ ಕೆಳಗೆ ಕಳಿಸಿದಾಗ ನಗು ಬತ್ತಿತು.

"ಚಲಾ ತಾಈ," ಹೊರಡಿ ಅಕ್ಕಾ, ಎಂದ ಇನ್ಸ್‌ಪೆಕ್ಟರ್.

ಎಂಟರ ಆಕಾರದಲ್ಲಿ ಗಾಡಿ ಸುತ್ತಿಸುವುದಕ್ಕೆ ಮೊದಲ ಗೇರೇ ಸಾಕಿತ್ತು, ಸುತ್ತಿಸಿದೆ. ಆಮೇಲೆ ಏರು. ಅರ್ಧಕ್ಕೆ ನಿಲ್ಲಿಸಿ ಮತ್ತೆ ಹತ್ತಿಸು ಎಂದ. ನಿಲ್ಲಿಸಿದೆ. ಕ್ಲಚ್ ಬಿಡುತ್ತಾ ಬಡಿತಕ್ಕಾಗಿ ಕಾದೆ. ಬಡಿಯುವವರೆಲ್ಲಿದ್ದಾರೆ? ಗಾಬರಿಯಲ್ಲಿ ಕಾಲು ಜಾರಿ ಎಂಜಿನ್ ಸತ್ತಿತು. ಗಾಡಿ ಹಿಂದಕ್ಕೆ ಜರಿಯದಿದ್ದುದು ಹ್ಯಾಂಡ್‌ಬ್ರೇಕಿನ ಪುಣ್ಯ.

"ಇನ್ನೊಂದೇ ಸಲ. ಆಗದಿದ್ದರೆ ಮನೆಗೆ ಹೋಗಿ," ಎಂದ ಅವನು ಮರಾಠಿಯಲ್ಲಿ.

ಮರದ ಕಡೆ ನೋಡಿದೆ. ಮಾವ ನನ್ನತ್ತ ಬೆನ್ನು ತಿರುಗಿಸಿ, ಗಾಡಿ ಆಗಲೇ ಮಾರಾಟವಾದಂತೆ ಕೂತಿದ್ದರು. ನನಗೆ ಕೆಂಡದಂಥ ಸಿಟ್ಟು ಬಂತು. ಇಷ್ಟು ಬೇಗ ಕೈಬಿಟ್ಟರೇ? ಸೆರಗನ್ನು ಸೊಂಟಕ್ಕೆ ಸಿಗಿಸಿದೆ. ಎಂಜಿನ್ ಚಾಲೂ ಮಾಡಿ ಕ್ಲಚ್ ಮೆಲ್ಲಗೆ ಮೇಲೆತ್ತಿದೆ. ಎಂಜಿನ್ನಿನ ದನಿ ಒಂದಿಷ್ಟು ತಗ್ಗಿತು, ಕಾಲಿನಡಿ ಗಾಡಿ ನಡುಗಿತು. ಇಷ್ಟು ದಿನ ಮಾವ ಬಡಿಯುತ್ತಿದ್ದುದು ಇದನ್ನು ಕೇಳಿಯೇ ಎಂದು ಆಗ ಹೊಳೆಯಿತು. ಹ್ಯಾಂಡ್‌ಬ್ರೇಕ್ ಬಿಟ್ಟೆ. ಟೆಂಪೋ ಗಕ್ಕೆನ್ನದೆ ಏರು ಹತ್ತಿತು.

ಪಾಸಾದೆ ಎಂದು ಹೇಳಿದಾಗ ಮಾವ ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. "ಆ ಬಾರಾಮತಿಯಂವಗ ಬರಬ್ಯಾಡ ಅಂತ ಇವತ್ತ ಫೋನ್ ಮಾಡ್ಬೇಕು," ಎಂದು ಹಿಂದೆ ಹತ್ತಲು ಹೋದರು.

"ಮುಂದ ಬರ್ರಿ, ಮಾವಾರ."

"ನಿಮ್ಮತ್ತಿ?"

"ಅತ್ತ್ಯಾರಿಗೆ ನಾ ಹೇಳ್ತೀನ್ರಿ. ಪರೀಕ್ಷಾ ಮಾಡಾಂವ ಕುಂತಾನ, ನೀವ್ಯಾಕ ಕುಂಡ್ರಬಾರ್ದು?"

ಬಾಗಿಲಿಗೆ ಅಂಟಿಕೊಂಡು ಕೂತರು. ಯೆರವಡಾ ದಾಟುವವರೆಗೂ ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಲೇ ಇದ್ದರು. ಬಂಡ್ ಗಾರ್ಡನ್ ಸೇತುವೆಯ ಮೇಲೆ ಗಾಳಿ ಬೀಸಿತು. ಸ್ಟೇಷನ್ ಹತ್ತಿರ ಒಬ್ಬ ರಿಕ್ಷಾದವನು ಅಡ್ಡ ಬಂದ, ಮರಾಠಿಯಲ್ಲಿ ಅವನ ಜನ್ಮ ಜಾಲಾಡಿದೆ. ಮಾವ ಏನಾದರೂ ಅಂದಾರೆಂದು ತಿರುಗಿ ನೋಡಿದರೆ, ಅವರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು.

ಭವಾನಿ ಪೇಟೆ ಬಂತು, ನಮ್ಮ ಅಂಗಡಿಯೂ ಬಂತು. ಎಬ್ಬಿಸಲು ಮನಸ್ಸಾಗದೆ ಪೇಟೆಗೆ ಇನ್ನೊಂದು ಸುತ್ತು ಹೊಡೆದೆ.